ಆಟದ ಕೆಮ್ಮು

"ನಿನ್ನನ್ನ ನಿದ್ದೆ ಮಾಡಿಸೋಕಾಗಲ್ಲ ಕೋದಂಡಪ್ಪ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸ್ತೀನಿ. ಆಪರೇಷನ್ ಆಗೋವಾಗ ನೀನು ಎಚ್ಚರವಾಗೇ ಇರ್ತೀಯ" ಎಂದರು ಅರಿವಳಿಕೆ ಕೊಡುವ ಡಾಕ್ಟರು.

ಕೋದಂಡಪ್ಪನ ಕೈಕಾಲು ಸೂಜಿಗೆ ಮೊದಲೇ ಮರಗಟ್ಟಿದವು. ತೊಡೆಸಂದಿಯಲ್ಲಿ ಕರುಳು ಇಳಿದು ಗಂಟಾಗಿದೆ, ಕುಯ್ದು ಹೊಲಿಯಲೇಬೇಕು ಎಂದಾಗ ಅವನು ಧೈರ್ಯವಾಗಿಯೇ ಬಂಗಾರಪೇಟೆಯಲ್ಲಿ ರೈಲು ಹತ್ತಿ ಪಟ್ಟಣದ ದೊಡ್ಡಾಸ್ಪತ್ರೆಗೆ ಬಂದಿದ್ದ. ಮೂಗಿಗೆ ಬಟ್ಟೆ ಹಿಡಿಯುತ್ತಾರೆ, ಕಣ್ಣು ಮುಚ್ಚುತ್ತದೆ, ಕಣ್ಣು ಬಿಟ್ಟರೆ ಎಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದ. ಚಿನ್ನದ ಗಣಿಯ ತಳದಲ್ಲಿ ಬಂಡೆಗೆ ತೂತು ಹೊಡೆದು ಮದ್ದು ಸಿಡಿಸಿದ ಗಂಡಸಿಗೆ, ತನ್ನ ಮೈಯಲ್ಲಿ ಕತ್ತರಿ ಆಡುವ ಸದ್ದು ಕೇಳುತ್ತ ಮಲಗುವುದೆಂದರೆ ಜೀವವೇ ಹಾರಿಹೋಯಿತು.

"ಯಾಕ್ ಸಾರ್? ಪಕ್ಕದ ಮಂಚದೋನ್ಗೆ ಮೂಗಿಗೇ ಇಡುದ್ರಲ್ಲ."

"ಅವನ ಎದೆ ಚೆನ್ನಾಗಿದೆ. ನಿನ್ನದು ಗಣಿ ದೂಳು ಕುಡಿದ ಎದೆ. ಆ ಮದ್ದಿನ ಘಾಟು ಒಳಗೆ ಹೋದರೆ ಉಸಿರು ಮತ್ತೆ ದಾರಿಗೆ ಬರೋದು ಕಷ್ಟ. ಈ ರೋಗಕ್ಕೆ ತಾನೇ ನಿನಗೆ ಪರಿಹಾರ ಕೊಟ್ಟು ಗಣಿ ಬಿಡಿಸಿದ್ದು?"

ಕೋದಂಡಪ್ಪ ಸಿಕ್ಕಿಬಿದ್ದ. ಆ ರೋಗ ಅವನ ಲೆಕ್ಕದಲ್ಲಿ ಅವನೇ ಕಟ್ಟಿದ ನಾಟಕ. ಗಣಿ ಕಂಪನಿ ಕೈಬದಲಾಗಿ ಸರ್ಕಾರದ್ದಾದ ವರ್ಷ ಎದೆ ತಪಾಸಣೆಗೆ ಕರೆದಾಗ ಅವನು ಕೆಮ್ಮಿದ ಕೆಮ್ಮು ಸಾಮಾನ್ಯದ್ದಲ್ಲ. ಬಗ್ಗಿ ಕೆಮ್ಮಿದ, ಗೋಡೆ ಹಿಡಿದು ಕೆಮ್ಮಿದ. ಅದಕ್ಕೆ ಮೊದಲು ಉರಿಗಾಂನಲ್ಲಿ ಗಣಿ ಕೂಲಿಗಳ ಲೈನುಮನೆಯಲ್ಲಿ ಹೆಂಡತಿ ಮುತ್ಯಾಲಮ್ಮನ ಮುಂದೆ ನಿಂತು ಅಭ್ಯಾಸ ಬೇರೆ ಮಾಡಿದ್ದ. 'ಇನ್ನೂ ಒಸಿ ಎಳುದು ಕೆಮ್ಮು' ಎಂದು ಅವಳೇ ತಿದ್ದಿದ್ದಳು. ಪರಿಹಾರ ಬಂತು, ಊರಿಗೆ ಹೋಗಿ ಎಮ್ಮೆ ಕಟ್ಟಿದರು. ಗಣಿಯ ದೊಡ್ಡ ಡಾಕ್ಟರಿಗೇ ಟೋಪಿ ಹಾಕಿದ್ದನ್ನು ನೆನೆದು ಗಂಡ ಹೆಂಡತಿ ನಕ್ಕಿದ್ದೇ ನಕ್ಕಿದ್ದು.

ಈಗ ನಿಜ ಹೇಳಿದರೆ ನಿದ್ದೆ ಬರುತ್ತದೆ, ಎಮ್ಮೆ ಹೋಗುತ್ತವೆ. ಬಾಯಿ ಮುಚ್ಚಿಕೊಂಡರೆ ಎಮ್ಮೆ ಉಳಿಯುತ್ತವೆ, ಕತ್ತರಿ ಸದ್ದು ಕೇಳಬೇಕು. ಮಂಚದ ಬಳಿಯೇ ನಿಂತಿದ್ದ ಮುತ್ಯಾಲಮ್ಮ ಅವನ ಮುಖ ನೋಡಿದವಳೇ ಹಿಂದಿನಿಂದ ಬೆನ್ನು ಚಿವುಟಿದಳು. ಆದರೂ ಭಯವೇ ಗೆದ್ದಿತು.

"ಸಾರ್, ಅದು ಆಟದ ಕೆಮ್ಮು. ದುಡ್ಡಿನಾಸೆಗೆ ಬೇಕಂತ್ಲೇ ಕೆಮ್ಮುದೆ. ನನ್ನೆದೆಗೆ ಏನೂ ಆಗಿಲ್ಲ. ನನ್ನ ಮಲಗ್ಸಿಬುಡಿ ಸಾರ್."

"ಬಯಕ್ಕೆ ಏನೇನೋ ಏಳ್ತಾನೆ ಸಾಮಿ, ನಂಬಬ್ಯಾಡಿ" ಎಂದು ಮುತ್ಯಾಲಮ್ಮ ಅಡ್ಡ ಬಂದಳು. "ನಿದ್ದೇಲೂ ಕೆಮ್ತಾನೆ."

"ಲೇ, ಸುಳ್ಳೇಳ್ಬ್ಯಾಡ."

"ಸುಳ್ಳ್ಯಾಕೇಳ್ಲಿ? ದಿನಾ ಕೆಮ್ತೀಯ. ಅಬ್ಯಾಸ ಬುಟ್ಟೋಗ್ದಿರ್ಲಿ ಅಂತ ಕೆಮ್ತೀಯ ಅಂದ್ಕಂಡಿದ್ದೆ" ಎಂದವಳು, ಬಾಯಿಬಿಟ್ಟು ಕೆಟ್ಟೆನೆಂದು ನಾಲಗೆ ಕಚ್ಚಿಕೊಂಡಳು.

ಡಾಕ್ಟರು ರೇಗಲಿಲ್ಲ, ನಗಲೂ ಇಲ್ಲ. "ನಿದ್ದೆಯಲ್ಲಿ ಯಾರೂ ನಾಟಕ ಆಡಲ್ಲ ಕಣಮ್ಮ" ಎಂದರು. ಆಮೇಲೆ ಕೋದಂಡಪ್ಪನ ಕಡೆ ತಿರುಗಿದರು. "ನೀನು ಬೇಕಂತ ಕೆಮ್ಮಿದೆಯೋ ಇಲ್ಲವೋ, ಅದನ್ನ ಅವತ್ತು ಕೇಳಿದವರು ಯಾರು? ಎಕ್ಸ್‌ರೇ ನೋಡಿ ಪರಿಹಾರ ಕೊಟ್ಟಿದ್ದು. ಕೆಮ್ಮು ಎಕ್ಸ್‌ರೇಲಿ ಬೀಳಲ್ಲಪ್ಪ. ನಿನ್ನೆ ತೆಗೆದದ್ದನ್ನೂ ನೋಡಿದೆ. ಎರಡು ಕಡೆಯೂ ದೂಳು ಕೂತಿದೆ. ಆಗಿನದಕ್ಕಿಂತ ಜಾಸ್ತಿಯಾಗಿದೆ."

ಕೋದಂಡಪ್ಪನಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಾಲಿನ ಕ್ಯಾನು ಹೊತ್ತು ಊರ ಮುಂದಿನ ದಿಣ್ಣೆ ಹತ್ತುವಾಗ ನಡುವೆ ನಿಂತು ಏದುಸಿರು ಬಿಡುತ್ತಿದ್ದ. ಅದೂ ಆಟವೇ, ಆಡಿ ಆಡಿ ಮೈಗೆ ಹತ್ತಿದೆ ಎಂದುಕೊಂಡಿದ್ದ. ಹಾಗಾದರೆ ಟೋಪಿ ಹಾಕಿದ್ದು ಯಾರು, ಹಾಕಿಸಿಕೊಂಡದ್ದು ಯಾರು? ತನಗೆ ರೋಗ ಇದೆಯೋ ಇಲ್ಲವೋ ಎಂದು ತನ್ನನ್ನೇ ಕೇಳಿಕೊಂಡ.

"ಅಂಗಾದ್ರೆ ಎಮ್ಮೆ ನಮ್ದೇನಾ ಸಾಮಿ?" ಎಂದಳು ಮುತ್ಯಾಲಮ್ಮ.

"ಯಾವ ಎಮ್ಮೆ?"

"ಪರಿಹಾರದ ದುಡ್ಡಾಗೆ ತಂದಿದ್ದು. ಯಾರೂ ಕಿತ್ಕಳಲ್ವಲ್ಲ?"

"ಯಾಕೆ ಕಿತ್ಕೋತಾರೆ? ನ್ಯಾಯವಾಗಿ ನಿಮಗೆ ಬರಬೇಕಾದ್ದೇ ಬಂದಿದೆ. ಇವನ ಬೆನ್ನು ತೊಳೆಸಿಡಮ್ಮ, ಸೂಜಿ ತರ್ತೀನಿ" ಎಂದು ಡಾಕ್ಟರು ಒಳಗೆ ಹೋದರು.

ಮುತ್ಯಾಲಮ್ಮನ ಮುಖ ಅರಳಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಗಂಡನ ಭುಜ ತಟ್ಟಿದಳು. "ನಾವ್ ಮೋಸ ಮಾಡೇ ಇಲ್ವಂತೆ. ಎಮ್ಮೆ ನಮ್ದೇ ಅಂತೆ" ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ಅವಳ ಕೈ ಭುಜದಿಂದ ಜಾರಿ ಅವನ ಎದೆಯ ಮೇಲೆ ಬಂತು. ಆಮೇಲೆ ಬಗ್ಗಿ ಅಲ್ಲಿಗೇ ಕಿವಿ ಇಟ್ಟಳು.

ಊರಿಗೆಲ್ಲ ಕೆಮ್ಮಿ ತೋರಿಸಿದ್ದ ಕೋದಂಡಪ್ಪ ಗಂಟಲಿಗೆ ಬಂದ ಕೆಮ್ಮನ್ನು, ಅವಳಿಗೆ ಕೇಳಿಸದ ಹಾಗೆ, ಕಣ್ಣಲ್ಲಿ ನೀರು ಬರುವವರೆಗೂ ನುಂಗಿಕೊಂಡೇ ಕೂತಿದ್ದ.