ಫಿಲ್ಟರ್ ಮುಚ್ಚಳದ ರಬ್ಬರು

"ಇವತ್ತೇ ಮಾಡ್ಬೇಕಾ?" ಎಂದು ಗಂಡ ಕೇಳಿದಾಗ ಅವಳು ತಲೆ ಎತ್ತಲಿಲ್ಲ.

"ಇವತ್ತೇ ಮಾಡಿ. ಆಯಿಲ್ ಬದಲಾಯಿಸಿ ಎಷ್ಟು ಕಾಲ ಆಯ್ತು. ಗಾಡಿ ಕೆಮ್ಮುತ್ತೆ."

ಗಾಡಿಗೆ ಕೆಮ್ಮೂ ಇರಲಿಲ್ಲ, ದಮ್ಮೂ ಇರಲಿಲ್ಲ. ಅವಳಿಗೆ ಅವನ ಕೈಗಳನ್ನು ನೋಡಬೇಕಿತ್ತು, ಅಷ್ಟೆ.

ಅವನು ಅಂಗಳದಲ್ಲಿ ಹಳೆಯ ಪೇಪರು ಹಾಸಿ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವಳು ಅವನ ಅಂಗಿ, ಸೂಜಿ ದಾರ, ಗುಂಡಿಗಳ ಡಬ್ಬಿ ಹಿಡಿದು ಪಕ್ಕದ ಮೆಟ್ಟಿಲ ಮೇಲೆ ಕೂತಳು. ಗುಂಡಿ ಹೊಲಿಯುವುದು ನೆಪ. ಡಬ್ಬಿಯ ತಳದಲ್ಲಿ, ಹೋದ ವಾರ ಅಲ್ಲೇ ಕೈಗೆ ಸಿಕ್ಕಿದ ಕಪ್ಪು ರಬ್ಬರ್ ರಿಂಗು ಇತ್ತು. ಹೊಚ್ಚ ಹೊಸದು.

ಅದೇನೆಂದು ತಿಳಿಯದೆ ಬಿಡಿಭಾಗದ ಅಂಗಡಿಯವನಿಗೆ ತೋರಿಸಿದ್ದಳು. "ಆಯಿಲ್ ಫಿಲ್ಟರ್ ಮುಚ್ಚಳದ್ದು ಅಮ್ಮ. ಇದನ್ನ ಹಾಕದೆ ಮುಚ್ಚಿದ್ರೆ, ಗಾಡಿ ಬಿಸಿಯಾದ ಮೇಲೆ ಆಯಿಲ್ ಹೊರಗೆ ಬಂದು ಹಿಂದಿನ ಟೈರಿಗೇ ಬೀಳುತ್ತೆ," ಎಂದಿದ್ದ ಅವನು.

ಮಗನ ಬೈಕಿನ ಫಿಲ್ಟರನ್ನೂ ಇದೇ ಅಂಗಳದಲ್ಲಿ, ಅವಳು ಇದೇ ಮೆಟ್ಟಿಲ ಮೇಲೆ ಹೊಲಿಯುತ್ತಾ ಕೂತಿದ್ದಾಗ, ಇವನೇ ಬದಲಾಯಿಸಿದ್ದ. ಮರುದಿನ ಬೆಳಿಗ್ಗೆ ಮಗ ಕೆಲಸಕ್ಕೆ ಹೊರಟ. ತಿರುವಿನಲ್ಲಿ ಬೈಕು ಜಾರಿತು. ಮಾತಾಡಿಸಲು ಬಂದವರೆಲ್ಲ ಹುಡುಗನ ವೇಗದ ಮಾತನ್ನೇ ಆಡಿದರು. ಇವನೂ ತಲೆಯಾಡಿಸಿದ. "ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ," ಎಂದ.

ಜೇಬು, ಡ್ರಾಯರು, ಕಪಾಟುಗಳನ್ನು ಅವಳು ದಿನವೂ ಓರಣ ಮಾಡುತ್ತಾಳೆ. ಆದರೆ ಗುಂಡಿಗಳ ಡಬ್ಬಿಯ ತಳವನ್ನು ಯಾರು ಕೆದಕುತ್ತಾರೆ? ಬಚ್ಚಿಡಲು ಇವನು ಒಳ್ಳೆಯ ಜಾಗವನ್ನೇ ಹುಡುಕಿದ್ದ. ತನ್ನ ತಪ್ಪನ್ನು ಸತ್ತ ಮಗನ ತಲೆಗೆ ಕಟ್ಟಿ ಕೈತೊಳೆದುಕೊಂಡನಲ್ಲ ಎಂದು ಅವಳ ಕರುಳು ಸುಡುತ್ತಿತ್ತು. ಮಗನಂತೂ ಬರುವುದಿಲ್ಲ. ಅವನ ಹೆಸರಿಗೆ ಹತ್ತಿದ ಮಸಿಯನ್ನಾದರೂ ಇವತ್ತು ಒರೆಸಬೇಕು.

ಹಳೆಯ ಆಯಿಲ್ ಬೋಗುಣಿಗೆ ಇಳಿಯಿತು. ಒರೆಸುವ ಬಟ್ಟೆಗಾಗಿ ಅವನು ಕೈ ಚಾಚಿದ. ಅದು ನಾಲ್ಕು ಮಡಿಕೆಯಾಗಿ ಅವಳ ಮಗ್ಗುಲಲ್ಲಿತ್ತು.

"ಅವನು ಹೇಳ್ತಿದ್ದ ನೋಡು," ಎಂದ ಗಂಡ. "ಅಮ್ಮನ ಎದುರು ಅಲ್ಲಾಡದೆ ಕೂತ್ಕೋಬೇಡಿ ಅಪ್ಪ, ನಿಮ್ಮನ್ನೂ ಮಡಚಿ ಬೀರುವಿನಲ್ಲಿ ಇಟ್ಬಿಡ್ತಾಳೆ ಅಂತ."

ಮಗನ ಮಾತು ಆ ಮನೆಯಲ್ಲಿ ಬಂದು ಎಷ್ಟೋ ದಿನವಾಗಿತ್ತು. ಅವಳು ನಗಲಿಲ್ಲ. ನಗಿಸಿ ಪಾರಾಗಲು ನೋಡುತ್ತಿದ್ದಾನೆ ಎಂದುಕೊಂಡಳು.

ಹಳೆಯ ಫಿಲ್ಟರು, ಚಪ್ಪಟೆಯಾದ ಹಳೆಯ ರಿಂಗು ಎರಡೂ ಬೋಗುಣಿಗೆ ಬಿದ್ದವು. ಹೊಸ ಫಿಲ್ಟರನ್ನು ಒಳಗೆ ಕೂರಿಸಿ, ಪ್ಯಾಕೆಟ್ಟು ಹರಿದು ಹೊಸ ರಿಂಗನ್ನು ಪೇಪರಿನ ಮೇಲಿಟ್ಟ. ಅಷ್ಟರಲ್ಲಿ ಎದುರುಮನೆಯ ಎಲೆಕ್ಟ್ರಿಷಿಯನ್ ಏಣಿ ಹಿಡಿಯಲು ಕೂಗಿದ. ಗಂಡ ಎದ್ದು ಹೋದ.

ಅವನು ಬಂದ ಮೇಲೆ ಹೇಗೆ ಕೇಳುವುದು, ಮೊದಲ ಮಾತು ಯಾವುದು ಎಂದು ಅವಳು ಮನಸ್ಸಿನಲ್ಲೇ ಮಾತು ಜೋಡಿಸಿದಳು. ಕಣ್ಣು ಗೇಟಿನ ಮೇಲಿತ್ತು. ಕೈ ತನ್ನ ಪಾಡಿಗೆ ಗುಂಡಿ ಹೊಲಿದು ಮುಗಿಸಿ, ದಾರ ಕತ್ತರಿಸಿ, ಹರಿದ ಪ್ಯಾಕೆಟ್ಟು, ಚೂರುಪಾರು ಎತ್ತಿ, ಡಬ್ಬಿಯ ಮುಚ್ಚಳ ಒತ್ತಿತು.

ಗಂಡ ಬಂದು ಕೂತ. ಪೇಪರಿನ ಮೇಲೆ ಕೈಯಾಡಿಸಿದ. ಒಂದು ಕ್ಷಣ ತಡೆದ. ಆಮೇಲೆ ಫಿಲ್ಟರಿನ ಮುಚ್ಚಳ ಇಟ್ಟು ಬೋಲ್ಟು ತಿರುಗಿಸತೊಡಗಿದ.

"ರಿಂಗ್ ಹಾಕಿದ್ರಾ?"

"ಪೇಪರ್ ಮೇಲೆ ಇಲ್ವಲ್ಲ ಕಣೇ. ಹಾಕಿರ್ತೀನಿ."

"ಅವತ್ತೂ ಹೀಗೇ ಅಂದ್ಕೊಂಡ್ರಾ?"

"ಯಾವತ್ತು?"

"ಮುಚ್ಚಳ ತೆಗೆದು ನೋಡಿ."

ತೆಗೆದು ತಿರುಗಿಸಿದ. ರಿಂಗು ಕೂರಬೇಕಾದ ಜಾಗ ಖಾಲಿಯಿತ್ತು. ಅವನು ಅದನ್ನೇ ನೋಡುತ್ತಾ ಕೂತ.

"ಅವತ್ತೂ ಫೋನ್ ಬಂತು ಅಂತ ಒಳಗೆ ಹೋಗಿದ್ದೆ," ಎಂದ. "ಬಂದು ನೋಡಿದ್ರೆ ಪೇಪರ್ ಮೇಲೆ ಇರ್ಲಿಲ್ಲ. ಹಾಕಿದ್ದೀನಿ ಅಂದ್ಕೊಂಡೆ... ನನ್ನ ಮಗನ್ನ ನಾನೇ..."

ಸ್ಪ್ಯಾನರು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಮಗನ ಹೆಣದ ಮುಂದೆಯೂ ಅವನು ಹೀಗೆ ಅತ್ತಿರಲಿಲ್ಲ. ಅವಳಿಗೆ ಕನಿಕರ ಬರಲಿಲ್ಲ.

"ಈಗ ಗೊತ್ತಾದವರ ಥರ ಅಳ್ಬೇಡಿ. ಅದನ್ನ ಎಲ್ಲಿ ಬಚ್ಚಿಟ್ಟಿದ್ರಿ ಅಂತ ನನಗೆ ಗೊತ್ತು," ಎಂದು ಡಬ್ಬಿಯನ್ನು ಅವನ ಮುಂದೆ ಸುರಿದಳು.

ಗುಂಡಿಗಳ ಜೊತೆ ಎರಡು ರಿಂಗುಗಳು ಪೇಪರಿನ ಮೇಲೆ ಉರುಳಿದವು, ಎರಡೂ ಹೊಚ್ಚ ಹೊಸವು.