ಫಿಲೊಮಿನಾ ಆಂಟಿಯ ಹೆದರಿಕೆ

ನನ್ನ ಗಂಡನ ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ನೆಂಟರೆಲ್ಲ ಹೊರಟುಹೋದರು. ಫ್ರಿಜ್ ಒರೆಸುವಾಗ ಹಾಲಿನ ಹಿಂದೆ ಪಕ್ಕದ ಮನೆಯ ಫಿಲೊಮಿನಾ ಆಂಟಿಯ ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗೆ ಕತ್ತಲೆಯ ಬಗ್ಗೆ ಅವರಿಗಿದ್ದ ಹೆದರಿಕೆ ಇತ್ತು.

ನನ್ನ ಗಂಡ ಅಚ್ಯುತ ಇಲ್ಲೇ, ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಟಿವಿಗೆ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ಬರೆಯುತ್ತಿದ್ದ. ಅವನಿಗೆ ಯಾವುದಕ್ಕೂ ಹೆದರಿಕೆಯಿರಲಿಲ್ಲ. ಅವನ ಮೊದಲ ರಾಕ್ಷಸನನ್ನು ನೋಡಿ ಮಕ್ಕಳು ನಕ್ಕರು. ಆಮೇಲೆ ಬೇರೆ ಬರಹಗಾರರಂತೆ ಅವನೂ ಹೆಪ್ಪಿಗೆ ಮೊಸರು ತರುವ ಹಾಗೆ ಆಂಟಿಯಿಂದ ಹೆದರಿಕೆಯನ್ನು ಕಡ ತಂದ. ಬರೆಯಲು ಕೂರುವ ಮುನ್ನ ಒಂದು ಚಮಚ ತಿನ್ನುತ್ತಿದ್ದ. ಶನಿವಾರ ಸಂಜೆ ದೇಶದ ಮಕ್ಕಳೆಲ್ಲ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ಅವನ ಧಾರಾವಾಹಿ ನೋಡುತ್ತಿದ್ದರು. ಅದು ವರ್ಷಗಟ್ಟಲೆ ನಡೆಯಿತು, ಡಬ್ಬಿ ನಮ್ಮಲ್ಲೇ ಉಳಿಯಿತು.

ಡಬ್ಬಿ ಹಿಡಿದುಕೊಂಡು ಆಂಟಿಯ ಮನೆಗೆ ಹೋದೆ. “ಇದು ನಿಮ್ಮದು, ಆಂಟಿ.”

“ನನಗೆಂತಕ್ಕೆ ಮಾರಾಯ್ತಿ? ಇದು ಹೋದ ಮೇಲೆ ಲೈಟ್ ಆಫ್ ಮಾಡಿ ಕೊರಡಿನ ಹಾಗೆ ಮಲಗ್ತೇನೆ. ನಿನ್ನ ಗಂಡನಿಗೂ ಅದನ್ನೇ ಹೇಳಿದ್ದೆ.” ನನ್ನ ಮುಖ ನೋಡಿದರು. “ನೀನು ನಿನ್ನೆ ರಾತ್ರಿ ಮಲಗಿದ್ಯಾ?”

“ಕುರ್ಚಿಯಲ್ಲಿ ಕೂತಿದ್ದೆ.”

“ರಾತ್ರಿ ಇಲ್ಲಿಗೆ ಬಾ.”

“ಬೇಡ ಆಂಟಿ. ನಿಮಗ್ಯಾಕೆ ತೊಂದರೆ? ನನಗೇನೂ ಆಗಿಲ್ಲ.” ನಿಜಕ್ಕೂ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಅವರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಒಳಗಿದ್ದುದನ್ನೆಲ್ಲ ಬೆರಳಿನಿಂದ ಬಳಿದು ತಿಂದರು. ತಿಂದವರೇ ಮೆಟ್ಟಿಲ ಕೆಳಗಿನ ಕತ್ತಲೆಯ ಕಡೆ ನೋಡಿ, ಸರಿದು ನನ್ನ ಪಕ್ಕಕ್ಕೆ ಬಂದು ನಿಂತರು.

“ಈಗ ನನಗೆ ಒಬ್ಬಳೇ ಮಲಗಲಿಕ್ಕೆ ಆಗುದಿಲ್ಲ. ನೀನು ಬರಲೇಬೇಕು.”

ಅವರು ನನ್ನತ್ತ ಕೈ ಚಾಚಿದರು. ನಾನು ಹಿಡಿದುಕೊಂಡೆ.