ಕೆಳಗಿನ ಮನೆ ಖಾಲಿ ಇದೆ

ಬಾಡಿಗೆದಾರರ ದೂರು ಕೇಳಿ ಕೇಳಿ ತಲೆಕೆಟ್ಟ ಬೋರಲಿಂಗಪ್ಪ, ಕೆಳಗಿನ ಮನೆಗಳನ್ನು ನೋಡಿಕೊಳ್ಳಲು ಮ್ಯಾನೇಜರೊಬ್ಬಳನ್ನು ಇಟ್ಟ. "ನನ್ನ ಕಂಡೀಷನ್ನು ಒಂದೂ ಸಡಿಲ ಬಿಡಬಾರದಮ್ಮ" ಎಂದಿದ್ದ.

ತಿಂಗಳೊಳಗೆ ಕೆಳಗೆಲ್ಲ ಹೊಸ ನಲ್ಲಿ, ಖಾಲಿ ಮನೆಗೂ ಹೊಸ ಬಣ್ಣ. ಮೇಲೆ ಅವನ ಬಚ್ಚಲು ಮಾತ್ರ ನಲ್ಲಿ ಸೋರಿ ಕೆರೆಯಾಗಿತ್ತು. ಫೋನು ಮಾಡಿದ.

"ನನ್ನ ನಲ್ಲೀನೂ ಸ್ವಲ್ಪ ನೋಡಮ್ಮ."

"ರಿಪೇರಿ ಬಾಡಿಗೆದಾರರಿಗೆ ಮಾತ್ರ ಸಾರ್."

"ಹಂಗಾದ್ರೆ ಆ ಖಾಲಿ ಮನೆ ನಂಗೇ ಬಾಡಿಗೆಗೆ ಕೊಟ್ಬಿಡು! ನಾನೂ ಒಂದ್ಸಲ ಸುಖವಾಗಿರ್ತೀನಿ!" ಖುಷಿಗೆ ಒದ್ದೆ ಕಾಲಲ್ಲೇ ಕುಣಿದ.

"ಆಯ್ತು ಸಾರ್. ಎಷ್ಟು ಜನ ಇರ್ತೀರಾ?"

"ಒಬ್ನೇ ಕಣಮ್ಮ. ಮದುವೆ ಇಲ್ಲ, ಮಕ್ಕಳಿಲ್ಲ, ರಗಳೆನೇ ಇಲ್ಲ!"

"ಹಂಗಾದ್ರೆ ಆಗಲ್ಲ ಸಾರ್. ಮದುವೆ ಆಗದೋರಿಗೆ ಮನೆ ಕೊಡಲೇಬೇಡಿ ಅಂತ ಓನರ್ರು ಖಡಾಖಂಡಿತವಾಗಿ ಹೇಳಿದಾರೆ."